ಸಿನಿಮಾ ಮರೆತರೂ ಒಂದು ದೃಶ್ಯ ಮಾತ್ರ ಯಾಕೆ ಉಳಿಯುತ್ತೆ? ಕ್ಲೈಮ್ಯಾಕ್ಸ್ ಬರೆಯೋದರ ಬಗ್ಗೆ ಒಂದು ಪ್ರಶ್ನೆ

ಎರಡನೇ_ಡ್ರಾಫ್ಟ್:

140 ನಿಮಿಷದ ಪಕ್ಕಾ ಕಮರ್ಷಿಯಲ್ ಸ್ಕ್ರಿಪ್ಟ್ ಕೈಯಲ್ಲಿದೆ. ಹೀರೊ ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್, ಅವನಿಗೆ ಕಾಲೇಜು ಓದೋ ಒಬ್ಬ ತಮ್ಮ. ಕ್ಲೈಮ್ಯಾಕ್ಸಲ್ಲಿ ಗೋಡೌನ್‌ಗೆ ಬೆಂಕಿ ಬೀಳುತ್ತೆ, 14 ನಿಮಿಷ ಫೈಟ್, ಆಮೇಲೆ ತಮ್ಮ ಅಣ್ಣನ ತೊಡೆ ಮೇಲೆ ಎರಡು ಪುಟ ಮಾತಾಡಿ ಪ್ರಾಣ ಬಿಡ್ತಾನೆ. ಓದಿದವರೆಲ್ಲ ‘ಚೆನ್ನಾಗಿದೆ’ ಅಂತಾರೆ. ಮಾರನೇ ದಿನ ಕೇಳಿದರೆ ಬೆಂಕಿ ಬಿಟ್ಟು ಬೇರೇನೂ ನೆನಪಿರಲ್ಲ.

ದೊಡ್ಡ ಹಿಟ್ ಆದ ಎಷ್ಟೋ ಸಿನಿಮಾಗಳ ಫೈಟು, ಸೆಟ್ಟು, ಗ್ರಾಫಿಕ್ಸು ಆರು ತಿಂಗಳಲ್ಲಿ ಮರೆತುಹೋಗುತ್ತೆ. ಆದರೆ ‘ಬಂಗಾರದ ಮನುಷ್ಯ’ ಬಂದು ಐವತ್ತು ವರ್ಷ ದಾಟಿದರೂ ರಾಜೀವ ಮನೆ ಬಿಟ್ಟು ಹೋಗೋದನ್ನ ಜನ ಇವತ್ತಿಗೂ ಹೇಳ್ತಾರೆ. ಇದು ನಟನ ಮೇಲಿನ ಅಭಿಮಾನ ಮಾತ್ರಾನಾ, ಇಲ್ಲ ಬರವಣಿಗೆ, ಎಡಿಟಿಂಗ್, ಸೌಂಡಲ್ಲಿ ಕೈ ಹಾಕಿ ಮಾಡಬಹುದಾದ ಕೆಲಸ ಏನಾದರೂ ಇದೆಯಾ? ‘ಮನಸ್ಸಿಂದ ಬರೀರಿ’ ಅನ್ನೋ ಉತ್ತರ ದಯವಿಟ್ಟು ಬೇಡ.

ಒನ್‌ಲೈನ್_ಶಾಸ್ತ್ರಿ:

ಸಾವು ತಾನಾಗೇ ಅಳಿಸಲ್ಲ. ತೆರೆ ಮೇಲೆ ಪ್ರತಿ ವಾರ ಯಾರೋ ಸಾಯ್ತಾರೆ. ಪಾತ್ರದ ಕೈಯಿಂದ ಏನನ್ನೋ ಕಿತ್ತುಕೊಂಡಾಗ ಅಯ್ಯೋ ಅನಿಸುತ್ತೆ, ಅಷ್ಟೇ. ಕೈಯಲ್ಲಿರೋದನ್ನ ಪಾತ್ರ ತಾನಾಗಿ ಬಿಟ್ಟುಕೊಟ್ಟರೆ ಅದು ಮನೆ ತನಕ ಬರುತ್ತೆ. ನೀವು ಹೇಳಿದ 1972ರ ಚಿತ್ರವನ್ನೇ ನೋಡಿ. ರಾಜೀವ ಆ ಭೂಮಿಯನ್ನ ಹಸನು ಮಾಡಿದವನು, ಅಕ್ಕನ ಮಕ್ಕಳನ್ನ ಸಾಕಿದವನು. ಅವರಲ್ಲೇ ಒಬ್ಬನ ಬಾಯಲ್ಲಿ ಆಸ್ತಿಯ ಮಾತು ಬಂದಾಗ ಎದುರುತ್ತರ ಕೊಡೋ ಹಕ್ಕು ಅವನಿಗೆ ಪೂರ್ತಿ ಇದೆ. ಆ ಹಕ್ಕನ್ನ ಬಳಸದೆ ಎದ್ದು ಹೋಗ್ತಾನೆ. ನೋಡೋರ ಬಾಯಿಗೆ ಬಂದ ಮಾತು ಅಲ್ಲೇ ಉಳಿದುಹೋಗುತ್ತೆ, ಅದಕ್ಕೇ ಮನೆಗೆ ಹೋದ ಮೇಲೂ ವಾದ ಮುಂದುವರಿಯುತ್ತೆ. ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಅದು ಎರಡು ವರ್ಷ ಓಡಿದ್ದಕ್ಕೆ ರಾಜ್‌ಕುಮಾರ್ ಒಬ್ಬರೇ ಕಾರಣ ಅಂದರೆ, ಅವರ ಉಳಿದ ಚಿತ್ರಗಳೂ ಅಷ್ಟೇ ಓಡಬೇಕಿತ್ತಲ್ಲ.

2006ರ ‘ಮುಂಗಾರು ಮಳೆ’ಯ ಲೆಕ್ಕವೂ ಅದೇ. ಹುಡುಗಿಗೆ ಇವನ ಮೇಲೆ ಮನಸ್ಸಿದೆ, ಒಂದು ಮಾತು ಆಡಿದರೆ ಸಿಗ್ತಾಳೆ. ಆಡಲ್ಲ.

ನಿಮ್ಮ ಸ್ಕ್ರಿಪ್ಟಲ್ಲಿ ತಮ್ಮ ಸಾಯ್ತಾನೆ, ಸರಿ. ಆದರೆ ಅಣ್ಣ ಆ ಹೊತ್ತಲ್ಲಿ ಏನು ಆಯ್ಕೆ ಮಾಡಿದ? ಏನೂ ಇಲ್ಲ. ಬೆಂಕಿ ಬಿತ್ತು, ವಿಲನ್ ಹೊಡೆದ, ತಮ್ಮ ಸತ್ತ. ಮೂರೂ ಹೊರಗಿಂದ ಬಂದದ್ದು. ಅಣ್ಣನ ಒಂದು ತೀರ್ಮಾನ ಆ ಸಾವಿಗೆ ತಗುಲಿಕೊಳ್ಳಬೇಕು. ಉದಾಹರಣೆಗೆ ವಿಲನ್ನನ್ನ ಅಟ್ಟಿಸಿಕೊಂಡು ಹೋಗೋದಾ, ತಮ್ಮನ ಹತ್ತಿರ ಓಡೋದಾ ಅನ್ನೋ ಕವಲು. ಅವನು ತಮ್ಮನ ಕಡೆ ಓಡಲಿ, ವಿಲನ್ ತಪ್ಪಿಸಿಕೊಳ್ಳಲಿ, ತಮ್ಮನೂ ಉಳಿಯದಿರಲಿ. ಸೇಡು ಬೇಕೇ ಬೇಕು ಅಂತ ಪ್ರೊಡ್ಯೂಸರ್ ಹಟ ಹಿಡಿದರೆ ಅದನ್ನ ಹತ್ತು ನಿಮಿಷ ಮುಂದಕ್ಕೆ ತಳ್ಳಿ.

ಎರಡನೇದು ಬಿತ್ತನೆ. ಕೊನೆಗೆ ಕುಯ್ಯಬೇಕಾದ್ದನ್ನ ಮೊದಲೇ ಬಿತ್ತಿರಬೇಕು ಅಂತ ಎಲ್ಲರೂ ಹೇಳ್ತಾರೆ. ಹೇಗೆ ಬಿತ್ತಬೇಕು ಅನ್ನೋದರಲ್ಲೇ ಎಡವೋದು. ‘ಕಾಂತಾರ’ದ ಆರಂಭ ಜ್ಞಾಪಿಸಿಕೊಳ್ಳಿ. ಜಮೀನು ವಾಪಸ್ ಕೇಳೋಕೆ ಬಂದವನು, ಮಾತಾಡ್ತಿರೋದು ದೈವವೋ ವೇಷ ಕಟ್ಟಿದ ಮನುಷ್ಯನೋ ಅಂತ ಕೆಣಕ್ತಾನೆ. ಮನುಷ್ಯನಾದರೆ ನಾನು ಸಿಗ್ತೀನಿ, ದೈವವಾದರೆ ಸಿಗಲ್ಲ ಅನ್ನೋ ಅರ್ಥದ ಉತ್ತರ ಕೊಟ್ಟು, ವೇಷ ಕಟ್ಟಿದ್ದ ನಾಯಕನ ಅಪ್ಪ ಕೂಗು ಹಾಕಿ ಕಾಡಿನೊಳಗೆ ಓಡ್ತಾರೆ, ಮತ್ತೆ ಸಿಗಲ್ಲ. ಆ ದೃಶ್ಯಕ್ಕೆ ಆ ಕ್ಷಣದಲ್ಲೇ ಕೆಲಸ ಇದೆ: ಜಗಳಕ್ಕೆ ಉತ್ತರ ಸಿಕ್ಕಿತು, ಕಥೆ ಮುಂದೆ ಹೋಯಿತು. ಹಾಗಾಗಿ ಇದೇನೋ ಮುಂದಕ್ಕೆ ಇಟ್ಟದ್ದು ಅಂತ ಯಾರಿಗೂ ಅನುಮಾನ ಬರಲ್ಲ. ಆ ಕೂಗು ನಡುವೆ ಮಗನ ಕನಸಲ್ಲಿ ಬೆಚ್ಚಿಬೀಳಿಸುತ್ತೆ, ಕೊನೆಗೆ ಅವನ ಬಾಯಿಂದಲೇ ಬರುತ್ತೆ. ಮಗನೂ ಅದೇ ಕಾಡಿಗೆ ಓಡಿದಾಗ ಯಾರೂ ಏನೂ ವಿವರಿಸಬೇಕಾಗಿಲ್ಲ.

ಒಂದು ಪುಟಕ್ಕೆ ಸುಮಾರು ಒಂದು ನಿಮಿಷ ಅಂತ 140 ಪುಟಕ್ಕೆ ಲೆಕ್ಕ ಹಾಕಿದರೆ ಮೊದಲ ಬಿತ್ತನೆ 15ರಿಂದ 25ನೇ ಪುಟದೊಳಗೆ. ಎರಡನೇದು ಇಂಟರ್ವಲ್‌ಗೆ ಸ್ವಲ್ಪ ಮುಂಚೆ, ಆದಷ್ಟೂ ನಗೋ ದೃಶ್ಯದಲ್ಲಿ, ಯಾಕೆಂದರೆ ನಗುವಾಗ ಯಾರೂ ಲೆಕ್ಕ ಇಡಲ್ಲ. ಮೂರನೇದು 110ರ ಮೇಲೆ. ನಾಲ್ಕನೇ ಸಲ ತೋರಿಸಿದರೆ ಗಾಂಧಿ ಕ್ಲಾಸಿನವನೂ ಮುಂದಿನದ್ದನ್ನ ಊಹೆ ಮಾಡ್ತಾನೆ. ಎರಡೇ ಸಲ ತೋರಿಸಿದರೆ ನಡುವೆ ಹಾಡು, ಫೈಟು, ಪಾಪ್‌ಕಾರ್ನ್ ಎಲ್ಲ ಮುಗಿದು ಮೊದಲನೇದು ಮರೆತಿರುತ್ತೆ. ನಮ್ಮಲ್ಲಿ ಇಂಟರ್ವಲ್ ಇದೆ ಅನ್ನೋದನ್ನ ಹೊರದೇಶದ ಚಿತ್ರಕಥೆ ಪಾಠಗಳು ಲೆಕ್ಕಕ್ಕೆ ತಗೊಳ್ಳಲ್ಲ, ಅವನ್ನ ಹಾಗೆಹಾಗೇ ಪಾಲಿಸಬೇಡಿ.

ಕತ್ತರಿ_ಕೆಲಸ:

ಶಾಸ್ತ್ರಿಗಳು ಹೇಳಿದ್ದಕ್ಕೆ ಎಡಿಟ್ ಟೇಬಲ್ ಕಡೆಯಿಂದ ಒಂದಿಷ್ಟು.

ಹಾಲಿವುಡ್‌ನ ಎಡಿಟರ್ ವಾಲ್ಟರ್ ಮರ್ಚ್, ಒಂದು ಕಟ್ ಸರಿಯೋ ತಪ್ಪೋ ಅಂತ ನಿರ್ಧರಿಸೋಕೆ ನೂರಕ್ಕೆ ಇಷ್ಟು ಅಂತ ತೂಕ ಕೊಟ್ಟಿದ್ದಾರೆ: ಭಾವನೆಗೆ 51, ಕಥೆಗೆ 23, ಲಯಕ್ಕೆ 10. ಕಣ್ಣು ತೆರೆಯ ಯಾವ ಜಾಗದಲ್ಲಿದೆ, ಪಾತ್ರಗಳು ಎಲ್ಲಿ ನಿಂತಿವೆ ಅನ್ನೋದಕ್ಕೆಲ್ಲ ಸೇರಿ ಉಳಿದ 16. ಅಂದರೆ ಕಂಟಿನ್ಯುಟಿ ಜಂಪ್ ಆದರೂ ಮುಖದಲ್ಲಿ ಭಾವನೆ ಸರಿ ಇದ್ದ ಟೇಕನ್ನೇ ಇಟ್ಟುಕೊಳ್ಳಿ. ನಮ್ಮಲ್ಲಿ ಎಷ್ಟೋ ಸಲ ಉಲ್ಟಾ ನಡೆಯುತ್ತೆ. ಕೈಯಲ್ಲಿದ್ದ ಲೋಟ ಮ್ಯಾಚ್ ಆಗಲಿಲ್ಲ ಅಂತ ಒಳ್ಳೇ ಟೇಕ್ ಕಸದ ಬುಟ್ಟಿಗೆ ಹೋಗುತ್ತೆ.

ನಿಮ್ಮ ಸಾವಿನ ದೃಶ್ಯಕ್ಕೆ ಬಂದರೆ, ಆ ಎರಡು ಪುಟ ಮಾತು ತೆಗೀರಿ. ತೆರೆ ಮೇಲೆ ಪಾತ್ರ ಪೂರ್ತಿ ಅತ್ತುಬಿಟ್ಟರೆ ಸೀಟಲ್ಲಿ ಕೂತವರಿಗೆ ಅಳೋ ಕೆಲಸ ಉಳಿಯಲ್ಲ. ಅಳು ತಡೆಯೋ ಮುಖಕ್ಕೆ ಕ್ಲೋಸಪ್ ಕೊಡಿ, ಕೊನೆ ಮಾತು ಮುಗಿದ ಮೇಲೆ ಇನ್ನೂ ಎರಡೂವರೆ–ಮೂರು ಸೆಕೆಂಡ್, ಅಂದರೆ 60ರಿಂದ 72 ಫ್ರೇಮ್, ಹಿಡಿದಿಡಿ. ಕಣ್ಣೀರು ಕೆನ್ನೆ ಮೇಲೆ ಇಳಿಯೋಕೆ ಒಂದು ಕ್ಷಣ ಮುಂಚೆ ಕಟ್ ಮಾಡಿ. ಅಳಲೇಬೇಕು ಅಂದರೆ ಮೂರನೆಯವರು ಅಳಲಿ: ಕ್ಲೀನರ್ ಹುಡುಗ, ಪಕ್ಕದ ಮನೆ ಅಜ್ಜಿ, ಯಾರಾದರೂ.

ಆ ಹೊತ್ತಲ್ಲಿ ಫ್ಲ್ಯಾಶ್‌ಬ್ಯಾಕ್ ಹಾಕೋ ಚಟ ಬೇಡ. ಚಿಕ್ಕಂದಿನ ಸೈಕಲ್, ಜಾತ್ರೆ, ಅಮ್ಮನ ಕೈತುತ್ತು, ಎಲ್ಲ ಸ್ಲೋ ಮೋಷನ್‌ನಲ್ಲಿ ಮತ್ತೆ ಓಡುತ್ತೆ. ‘ಟೈಟಾನಿಕ್’ ಕೊನೆಯಲ್ಲಿ ಇದಕ್ಕೆ ತದ್ವಿರುದ್ಧ ಮಾಡಿದ್ದಾರೆ. ಡೆಕ್ ಮೇಲೆ ಓಡಾಡುವಾಗ ಜಾಕ್ ಹುಡುಗಿಗೆ, ಗಂಡಸರ ಹಾಗೆ ಎರಡೂ ಕಡೆ ಕಾಲು ಹಾಕಿ ಕುದುರೆ ಹತ್ತಬೇಕು ಅಂತ ತಮಾಷೆಯಾಗಿ ಹೇಳಿರ್ತಾನೆ. ಎರಡು ಗಂಟೆ ಆದ ಮೇಲೆ ಕ್ಯಾಮೆರಾ ಮುದುಕಿಯ ಮಂಚದ ಪಕ್ಕ ಜೋಡಿಸಿಟ್ಟ ಫೋಟೊಗಳ ಮೇಲೆ ಸುಮ್ಮನೆ ಸಾಗುತ್ತೆ, ಅದರಲ್ಲೊಂದರಲ್ಲಿ ಅವಳು ಹಾಗೇ ಕುದುರೆ ಮೇಲೆ ಕೂತಿದ್ದಾಳೆ. ಹಳೇ ದೃಶ್ಯ ಮತ್ತೆ ತೋರಿಸಿಲ್ಲ, ಮಾತಿಲ್ಲ. ಜೋಡಿಸೋ ಕೆಲಸ ನೋಡುಗನಿಗೆ ಬಿಟ್ಟಿದ್ದಾರೆ, ತಾನೇ ಜೋಡಿಸಿದ್ದನ್ನ ಅವನು ಮರೆಯಲ್ಲ.

ಅದೇ ಚಿತ್ರದಿಂದ ಇನ್ನೊಂದು ಕಸುಬು ಕದಿಯಬಹುದು. ಹಡಗು ಹೇಗೆ ಮುಳುಗಿತು, ಯಾವ ಕಡೆ ನೀರು ನುಗ್ಗಿತು, ಎಲ್ಲಿ ಮುರಿಯಿತು ಅನ್ನೋದನ್ನ ಶುರುವಿನಲ್ಲೇ ಒಂದು ಕಂಪ್ಯೂಟರ್ ಅನಿಮೇಷನ್‌ನಲ್ಲಿ ತೋರಿಸಿ ಮುಗಿಸ್ತಾರೆ. ಮುಳುಗುವಾಗ ಯಾರೂ ನಿಂತು ವಿವರಿಸಬೇಕಾಗಿಲ್ಲ, ಗಮನ ಪೂರ್ತಿ ಮನುಷ್ಯರ ಮೇಲಿರುತ್ತೆ. ನಿಮ್ಮ ಗೋಡೌನ್‌ಗೆ ಎಷ್ಟು ಬಾಗಿಲು, ಹಿಂದಿನ ಶಟರ್ ಒಳಗಿಂದ ತೆಗೆಯೋಕೆ ಬರುತ್ತಾ ಅನ್ನೋದನ್ನ ಮೊದಲಾರ್ಧದಲ್ಲಿ ಲೋಡಿಂಗ್ ದೃಶ್ಯದಲ್ಲೇ ತೋರಿಸಿಬಿಡಿ. ಬೆಂಕಿ ಹತ್ತಿದ ಮೇಲೆ ‘ಹಿಂದಿನ ಶಟರ್ ಜಾಮ್ ಆಗಿದೆ ಅಣ್ಣಾ’ ಅನ್ನೋ ಡೈಲಾಗ್ ಬರೆಯೋ ಕರ್ಮ ತಪ್ಪುತ್ತೆ.

14 ನಿಮಿಷದ ಫೈಟ್ ಉದ್ದ ಅಂತ ನಾನು ಹೇಳಲ್ಲ. ಆದರೆ ಮೂರು–ನಾಲ್ಕು ನಿಮಿಷಕ್ಕೊಮ್ಮೆ ಹೀರೊ ಏನಾದರೂ ಕಳೆದುಕೊಳ್ಳಬೇಕು: ಲಾರಿ, ಜೊತೆಗಾರ, ಹೊರಗೆ ಹೋಗೋ ದಾರಿ. ಇಲ್ಲದಿದ್ದರೆ ಐದನೇ ನಿಮಿಷಕ್ಕೆ ಜನ ಮೊಬೈಲ್ ತೆಗೀತಾರೆ.

ಫೇಡರ್_ಏಳು:

ಸೌಂಡ್ ಬಗ್ಗೆ ಇನ್ನೂ ಯಾರೂ ಮಾತಾಡಿಲ್ಲ, ಎಂದಿನಂತೆ.

ಥಿಯೇಟರ್ ಮಿಕ್ಸ್‌ಗೆ ಒಂದು ರೆಫರೆನ್ಸ್ ಇದೆ. ಥಿಯೇಟರ್‌ನ ಸೌಂಡ್ ಪ್ರೊಸೆಸರ್‌ನ ಫೇಡರ್, ಅಂದರೆ ವಾಲ್ಯೂಮ್ ಗುಂಡಿ, 7ರಲ್ಲಿದ್ದಾಗ ಮುಂದಿನ ಒಂದೊಂದು ಚಾನೆಲ್ಲೂ ಪಿಂಕ್ ನಾಯ್ಸ್‌ಗೆ (ಅಳತೆಗೆ ಹಾಕೋ ‘ಶ್ಶ್’ ಅನ್ನೋ ಸದ್ದು) 85 ಡೆಸಿಬೆಲ್ ಕೊಡಬೇಕು. ಮಿಕ್ಸ್ ಸ್ಟುಡಿಯೊದಲ್ಲಿ ಕೇಳಿ ಒಪ್ಪಿಕೊಳ್ಳೋದು ಈ ಮಟ್ಟದಲ್ಲಿ. ಈಗ ನೀವು ಎಂಟ್ರಿಯಿಂದ ಹಿಡಿದು ಕೊನೆ ತನಕ ಬಿಜಿಎಂ ಕಿರುಚಿಸಿದರೆ, ಮೊದಲ ಶೋನಲ್ಲೇ ಯಾರೋ ಕಿವಿ ಮುಚ್ಚಿಕೊಂಡು ದೂರು ಕೊಡ್ತಾರೆ, ಆಪರೇಟರ್ ಫೇಡರ್ 4.5ಕ್ಕೆ ಇಳಿಸ್ತಾನೆ. ಒಂದು ಅಂಕಿಗೆ ಸುಮಾರು ಮೂರೂಕಾಲು ಡೆಸಿಬೆಲ್, ಅಂದರೆ ಎಂಟು ಡೆಸಿಬೆಲ್ ಹೋಯಿತು. ಫೈಟ್ ಆಗಲೂ ಕೇಳುತ್ತೆ. ಆದರೆ ತಮ್ಮ ಪಿಸುಗುಟ್ಟೋ ಕೊನೆ ಮಾತು ಏಸಿ ಸದ್ದಲ್ಲಿ ಮುಳುಗಿಹೋಗುತ್ತೆ. ‘ಸೆಂಟಿಮೆಂಟ್ ವರ್ಕ್ ಆಗಲಿಲ್ಲ’ ಅಂತ ವಿಮರ್ಶೆ ಬರುತ್ತೆ. ಕೇಳಿಸಲೇ ಇಲ್ಲ ಸ್ವಾಮಿ, ವರ್ಕ್ ಆಗೋದೆಲ್ಲಿಂದ?

ಇದಕ್ಕೆ ಮದ್ದು ಮಿಕ್ಸ್‌ನಲ್ಲಿ ಇಲ್ಲ, ಬರವಣಿಗೆಯಲ್ಲೇ ಇದೆ. ದೊಡ್ಡ ಸದ್ದಿಗೆ ಮುಂಚೆ 8–10 ಸೆಕೆಂಡ್ ಇಳಿಸೋಕೆ ಜಾಗ ಕೊಡಿ, ಆಗ ಅದೇ ಸದ್ದು ಎರಡರಷ್ಟು ದೊಡ್ಡದಾಗಿ ಕೇಳುತ್ತೆ. ಮೌನ ಅಂದರೆ ಟ್ರ್ಯಾಕ್ ಪೂರ್ತಿ ಖಾಲಿ ಮಾಡೋದಲ್ಲ. ಹಾಗೆ ಮಾಡಿದರೆ ಸ್ಪೀಕರ್ ಕೆಟ್ಟುಹೋಯಿತು ಅಂತ ಜನ ಹಿಂದೆ ತಿರುಗಿ ನೋಡ್ತಾರೆ. ಜೀರುಂಡೆ, ದೂರದ ಹೈವೇ, ಉಸಿರು, ಹೀಗೆ ಒಂದು ಪದರ ಇರಲೇಬೇಕು.

ಮ್ಯೂಸಿಕ್ ಯಾವಾಗ ಶುರುವಾಗಬೇಕು ಅನ್ನೋದು ಇನ್ನೊಂದು ಜಗಳ. ಮುಖ ಬಾಡೋ ಮುಂಚೆಯೇ ಶಹನಾಯಿಯೋ ಸಾರಂಗಿಯೋ ಬಂದರೆ ‘ಈಗ ಅಳಿ’ ಅಂತ ಬೋರ್ಡ್ ಹಿಡಿದ ಹಾಗೆ. ಭಾವನೆ ಮುಖದಲ್ಲಿ ಕಂಡ ಮೇಲೆ, ಎರಡು ಮೂರು ಸೆಕೆಂಡ್ ತಡವಾಗಿ ಬರಲಿ. ಥೀಮನ್ನೂ ಕೂಡಿಡಬೇಕು: ಮೊದಲಾರ್ಧದಲ್ಲಿ ಒಂದೇ ವಾದ್ಯದಲ್ಲಿ ಅರ್ಧ ಸಾಲು, ಇಂಟರ್ವಲ್ ಹತ್ತಿರ ಒಂದು ಸಾಲು, ಪೂರ್ತಿ ಆರ್ಕೆಸ್ಟ್ರಾದಲ್ಲಿ ಒಂದೇ ಒಂದು ಸಲ. ಟೀಸರ್‌ನಲ್ಲೇ ಪೂರ್ತಿ ಥೀಮ್ ಬಿಟ್ಟು ಲಿರಿಕಲ್ ವಿಡಿಯೊ ಮಾಡಿ ಖಾಲಿ ಮಾಡೋದು ಈಗಿನ ರೋಗ. ಹೆಚ್ಚು ಧೈರ್ಯ ಇದ್ದರೆ 1982ರ ‘ಇ.ಟಿ.’ ದಾರಿ ಹಿಡಿಯಬಹುದು. ಕೊನೆಯ ಭಾಗಕ್ಕೆ ಜಾನ್ ವಿಲಿಯಮ್ಸ್ ಅವರ ಸಂಗೀತ ಚಿತ್ರದ ಕಟ್‌ಗಳಿಗೆ ಕೂಡಿಬರ್ತಾ ಇರಲಿಲ್ಲ. ನಿರ್ದೇಶಕ ಸ್ಪೀಲ್‌ಬರ್ಗ್ ತೆರೆ ಆರಿಸಿ, ಕಛೇರಿಯಲ್ಲಿ ನುಡಿಸೋ ಹಾಗೆ ನುಡಿಸಿ ಅಂದರು, ಆಮೇಲೆ ಸಂಗೀತಕ್ಕೆ ತಕ್ಕ ಹಾಗೆ ಚಿತ್ರವನ್ನೇ ಎಡಿಟ್ ಮಾಡಿದರು. ರಿಲೀಸ್ ಡೇಟ್ ಮೊದಲೇ ಘೋಷಿಸಿ ಆರ್‌ಆರ್‌ಗೆ (ಹಿನ್ನೆಲೆ ಸಂಗೀತದ ಕೆಲಸಕ್ಕೆ) ಹತ್ತು ದಿನ ಕೊಡೋ ಕಡೆ ಇದು ಕನಸು ಬಿಡಿ. ಆ ಒಂದು ರೀಲಿಗಾದರೂ ಕೇಳಿ ನೋಡಿ.

ನಿಮ್ಮ ಕಥೆಗೆ ಒಂದು ಸಲಹೆ. ಬಿತ್ತನೆಗೆ ವಸ್ತುವೇ ಬೇಕೆಂದಿಲ್ಲ, ಸದ್ದೂ ಆಗುತ್ತೆ, ಖರ್ಚೂ ಇಲ್ಲ. ಲಾರಿ ಊರ ತಿರುವಿಗೆ ಬಂದಾಗ ಅಣ್ಣ ಎರಡು ಸಲ ಹಾರ್ನ್ ಹೊಡೀತಾನೆ, ತಮ್ಮ ಬಂದು ಗೇಟ್ ತೆಗೀತಾನೆ. 20ನೇ ನಿಮಿಷದಲ್ಲಿ ಒಮ್ಮೆ. ಇಂಟರ್ವಲ್‌ಗೆ ಮುಂಚೆ ತಮಾಷೆಗೆ ಒಮ್ಮೆ: ತಮ್ಮ ಫೋನಲ್ಲಿ ಹುಡುಗಿ ಜೊತೆ ಮಾತಾಡ್ತಾ ಇದ್ದಾನೆ, ಗೇಟ್ ತೆಗೆಯಲ್ಲ, ಹಾರ್ನ್ ಬಡಿದೂ ಬಡಿದೂ ಬೀದಿಯವರೆಲ್ಲ ಬೈತಾರೆ. ಎಲ್ಲ ಮುಗಿದ ಮೇಲೆ ಅಭ್ಯಾಸಬಲದಲ್ಲಿ ಎರಡು ಹಾರ್ನ್.

ಬಾಲ್ಕನಿ_ಸಾಲು_ಎ:

ಎಲ್ಲರೂ ಕಣ್ಣೀರಿನ ಹಿಂದೆ ಬಿದ್ದಿದ್ದೀರಿ. ಸೀಟಿಯೂ ಭಾವನೆಯೇ ಅಲ್ವಾ? ‘ಕೆಜಿಎಫ್’ ಮೊದಲ ಭಾಗದಲ್ಲಿ ಜನ ಇವತ್ತಿಗೂ ಹೇಳೋದು ರಸ್ತೆಗೆ ಬಿದ್ದ ಬನ್ನಿನ ದೃಶ್ಯ. ಮಗು ಕಟ್ಟಿಕೊಂಡ ಬಡ ತಾಯಿಯ ಕೈಯಿಂದ ಬನ್ ರಸ್ತೆಗೆ ಬೀಳುತ್ತೆ, ಗಾಡಿಗಳು ನಿಲ್ಲಲ್ಲ, ರಾಕಿ ಟ್ರಾಫಿಕ್ ನಿಲ್ಲಿಸ್ತಾನೆ. ಬೇಕಾಗಿರೋ ಸಾಮಾನು ಒಂದು ಬನ್. ಅದು ಹತ್ತೋದು ಅವನ ತಾಯಿ ದುಡ್ಡಿಲ್ಲದೆ ಸತ್ತದ್ದನ್ನ ಮೊದಲೇ ನೋಡಿರೋದರಿಂದ. ಅಳುವೂ ಸೀಟಿಯೂ ಒಟ್ಟಿಗೇ ಬರೋ ಜಾಗ ಅದು. ಶಾಸ್ತ್ರಿಗಳ ‘ಬಿಟ್ಟುಕೊಡೋ’ ಸೂತ್ರಕ್ಕೆ ಇದು ಸಿಗಲ್ಲ, ಇಲ್ಲಿ ಅವನು ಏನೂ ಬಿಟ್ಟುಕೊಡಲಿಲ್ಲ.

ಬರೆಯೋರು ಮರೆಯೋದು ಇನ್ನೊಂದು. ಸಿಂಗಲ್ ಸ್ಕ್ರೀನ್‌ನಲ್ಲಿ ಸೀಟಿ ಬಿದ್ದರೆ ಮುಂದಿನ ನಾಲ್ಕೈದು ಸೆಕೆಂಡ್ ಏನೂ ಕೇಳಲ್ಲ. ಪಂಚ್ ಡೈಲಾಗ್ ಆದ ತಕ್ಷಣ ಕಥೆಗೆ ಬೇಕಾದ ಮಾತಿಟ್ಟರೆ ಅದು ಗಾಳಿಗೆ ಹೋಯಿತು. ಹಾಗಂತ ಸುಮ್ಮನೆ ಖಾಲಿ ಬಿಟ್ಟರೆ ಮನೆಯಲ್ಲಿ ಓಟಿಟಿ ನೋಡೋವಾಗ ನಟ ಡೈಲಾಗ್ ಮರೆತ ಹಾಗೆ ಕಾಣುತ್ತೆ. ಅಲ್ಲಿ ಮಾತಿಲ್ಲದ ಕೆಲಸ ಕೊಡಿ: ವಾಚ್ ಕಟ್ಟೋದು, ಗಾಡಿ ಸ್ಟಾರ್ಟ್ ಮಾಡೋದು, ಎದುರಿನವನ ಮುಖ.

ಸ್ಲೋ ಮೋಷನ್ ಬಗ್ಗೆ ಕತ್ತರಿಯವರು ಮೆತ್ತಗೆ ಹೇಳಿದರು, ನಾನು ಗಟ್ಟಿಯಾಗಿ ಹೇಳ್ತೀನಿ. ಶೂ, ಸಿಗರೇಟು, ಕಾರಿನ ಬಾಗಿಲು ಎಲ್ಲವನ್ನೂ ಸೆಕೆಂಡಿಗೆ 120 ಫ್ರೇಮಲ್ಲಿ ಶೂಟ್ ಮಾಡಿದರೆ, ನಿಜವಾಗಿ ನಿಧಾನ ಆಗಬೇಕಾದ ಕ್ಷಣಕ್ಕೆ ಏನು ಉಳಿಯಿತು?

ಒನ್‌ಲೈನ್_ಶಾಸ್ತ್ರಿ:

ಬಾಲ್ಕನಿಯವರೇ, ಬನ್ ದೃಶ್ಯದಲ್ಲೂ ಬಿಟ್ಟುಕೊಡೋದು ಇದೆ. ಯಾರಿಗೂ ತಲೆಬಾಗದೆ ಹೊರಟವನು ಒಂದು ಬನ್ನಿಗೋಸ್ಕರ ರಸ್ತೆ ಮಧ್ಯೆ ನಿಲ್ಲೋದು ಅವನ ಗತ್ತಿಗೆ ಖರ್ಚೇ. ಆದರೂ ನಿಮ್ಮ ಮಾತಲ್ಲಿ ಅರ್ಧ ಒಪ್ತೀನಿ: ನೋಡುಗನಿಗೆ ಗೊತ್ತಿರೋ ಗಾಯ ಮೊದಲು, ದೊಡ್ಡಸ್ತಿಕೆ ಆಮೇಲೆ. ಗಾಯ ತೋರಿಸದೆ ಬರೀ ಎಲಿವೇಷನ್ (ಹೀರೊನ ಮೆರೆಸೋ ದೃಶ್ಯ) ಮೇಲೆ ಎಲಿವೇಷನ್ ಕೊಟ್ಟ ಚಿತ್ರಗಳು ಸೋಮವಾರದ ಮ್ಯಾಟಿನಿಗೇ ಮಲಗಿಬಿಡ್ತವೆ.

ಹಾರ್ನ್ ಐಡಿಯಾ ಚೆನ್ನಾಗಿದೆ, ಆದರೆ ಅಲ್ಲೊಂದು ಹಳ್ಳ ಇದೆ. ಹಾರ್ನ್ ಹೊಡೆದು, ಗೇಟ್ ನೋಡಿ, ಸ್ಟೀರಿಂಗ್ ಮೇಲೆ ತಲೆ ಇಟ್ಟು ಅಳೋದನ್ನ ಯಾರು ಬೇಕಾದರೂ ಊಹಿಸ್ತಾರೆ. ಗೇಟ್ ತೆರೆಯಲಿ. ತಮ್ಮನ ಹತ್ತಿರ ಪಾಠ ಹೇಳಿಸಿಕೊಳ್ತಿದ್ದ ಪಕ್ಕದ ಮನೆ ಹುಡುಗ ಓಡಿಬಂದು, ಎತ್ತರ ಸಾಲದೆ ತುದಿಗಾಲಲ್ಲಿ ಚಿಲಕ ತೆಗೆಯಲಿ. ಅಣ್ಣ ಲಾರಿ ಒಳಗೆ ತಗೊಳ್ಳಲಿ, ಅಷ್ಟೇ. ಆ ಹುಡುಗನನ್ನ ಮೊದಲಾರ್ಧದಲ್ಲಿ ಒಂದು ಶಾಟ್‌ನಲ್ಲಾದರೂ ತೋರಿಸಿರಬೇಕು.

ಎರಡನೇ_ಡ್ರಾಫ್ಟ್:

ಇಷ್ಟು ವಿವರ ನಿರೀಕ್ಷಿಸಿರಲಿಲ್ಲ, ಧನ್ಯವಾದ. ಎರಡು ಅನುಮಾನ. ಸಾವು ಆದ ಮೇಲೆ ಚಿತ್ರ ಎಷ್ಟು ಹೊತ್ತು ಓಡಬಹುದು? ಪ್ರೊಡ್ಯೂಸರ್ ಕಡೆಯವರು ‘ಸತ್ತ ಮೇಲೆ ಒಂದು ನಿಮಿಷದಲ್ಲಿ ಟೈಟಲ್ ಬೀಳಬೇಕು, ಜನ ಎದ್ದು ಹೋಗ್ತಾರೆ’ ಅಂತಾರೆ. ಎರಡನೇದು, ಅವರಿಗೆ ಆ ಫ್ಲ್ಯಾಶ್‌ಬ್ಯಾಕ್ ಮಾಂಟಾಜ್ ಬೇಕೇ ಬೇಕಂತೆ.

ಕತ್ತರಿ_ಕೆಲಸ:

ಮೊದಲನೇದಕ್ಕೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಕೈಯನ್ನ 14 ಡಿಗ್ರಿ ಸೆಲ್ಸಿಯಸ್ ನೀರಲ್ಲಿ 60 ಸೆಕೆಂಡ್ ಇಡೋದು ಒಂದು. ಅದೇ 60 ಸೆಕೆಂಡ್ ಆದ ಮೇಲೆ ಇನ್ನೂ 30 ಸೆಕೆಂಡ್, ನೀರನ್ನ ಮೆಲ್ಲಗೆ 15 ಡಿಗ್ರಿಗೆ ಏರಿಸ್ತಾ, ಇಡೋದು ಇನ್ನೊಂದು. ಮತ್ತೊಮ್ಮೆ ಮಾಡೋದಾದರೆ ಯಾವುದು ಅಂದಾಗ ಹೆಚ್ಚಿನವರು ಉದ್ದದ್ದನ್ನೇ ಆರಿಸಿದರು. ನೋವು ಒಟ್ಟು ಜಾಸ್ತಿ, ಆದರೆ ಕೊನೆ ಹಗುರ. ನೆನಪು ತೂಗೋದು ತೀವ್ರವಾದ ಕ್ಷಣವನ್ನೂ ಕೊನೆಯನ್ನೂ, ಒಟ್ಟು ಉದ್ದವನ್ನಲ್ಲ. ಹಾಗಾಗಿ ಸಾವಿನ ಮೇಲೇ ಟೈಟಲ್ ಬೀಳಿಸಬೇಡಿ. 2022ರ ‘777 ಚಾರ್ಲಿ’ ನಾಯಿಯ ಸಾವಿಗೆ ನಿಲ್ಲಲ್ಲ, ಮರಿಯೊಂದು ನಾಯಕ ಧರ್ಮನ ಕೈಗೆ ಬರುತ್ತೆ. ‘ಕಾಂತಾರ’ದ ಕೊನೆಯಲ್ಲೂ ಅಷ್ಟು ರಕ್ತಪಾತ ಆದ ಮೇಲೆ, ದೈವ ಊರವರ ಕೈಯನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಸೇರಿಸಿ ಎದೆಗೆ ಒತ್ತಿಕೊಳ್ಳೋದಿದೆ. ಜನ ಎದ್ದು ಹೋಗೋದು ಕಥೆ ಮುಗಿಯಿತು ಅನಿಸಿದಾಗ. ನಿಮ್ಮಲ್ಲಿ ಹಾರ್ನ್ ಇನ್ನೂ ಬಾಕಿ ಇದೆ ಅಂತ ಅವರಿಗೆ ಗೊತ್ತಿದ್ದರೆ ಕೂತಿರ್ತಾರೆ. ಮೂರರಿಂದ ನಾಲ್ಕು ನಿಮಿಷ ಧಾರಾಳವಾಗಿ ತಗೊಳ್ಳಿ, ಅದರಲ್ಲಿ ಮಾತು ಐದಾರು ಸಾಲು ಮೀರದಿರಲಿ.

ಎರಡನೇದಕ್ಕೆ ಜಗಳ ಆಡಬೇಡಿ, ಎರಡು ವರ್ಷನ್ ಕಟ್ ಮಾಡಿ. ಒಂದರಲ್ಲಿ ಮಾಂಟಾಜ್, ಒಂದರಲ್ಲಿ ಬರೀ ಹಾರ್ನ್. ಸಿನಿಮಾದವರಲ್ಲದ 10–12 ಜನ ಒಂದು ವರ್ಷನ್‌ಗೆ, ಅಷ್ಟೇ ಬೇರೆ ಜನ ಇನ್ನೊಂದಕ್ಕೆ. ಒಬ್ಬರಿಗೇ ಎರಡೂ ತೋರಿಸಿದರೆ ಅವರು ವಿಮರ್ಶಕರಾಗಿಬಿಡ್ತಾರೆ, ಕೆಲಸಕ್ಕೆ ಬರಲ್ಲ. ಪೂರ್ತಿ ಸಿನಿಮಾ ತೋರಿಸಬೇಕು. ಕ್ಲೈಮ್ಯಾಕ್ಸ್ ರೀಲ್ ಒಂದನ್ನೇ ತೋರಿಸಿದರೆ ಬಿತ್ತನೆ ಇಲ್ಲದೆ ಎರಡೂ ಸೋಲ್ತವೆ. ಟೆಂಪ್ ಮ್ಯೂಸಿಕ್, ಅಂದರೆ ಸದ್ಯಕ್ಕೆ ಹಾಕಿಕೊಂಡ ಸಂಗೀತ, ಎರಡರಲ್ಲೂ ಒಂದೇ ಇರಲಿ, ಇಲ್ಲದಿದ್ದರೆ ನೀವು ಅಳೆದದ್ದು ಮ್ಯೂಸಿಕ್ಕನ್ನ.

ಮುಗಿದ ತಕ್ಷಣ ಮಾರ್ಕ್ಸ್ ಕೇಳೋ ಫಾರ್ಮ್ ಕೊಡಬೇಡಿ. ಎದುರಿಗೆ ನಿಂತು ಕೇಳಿದರೆ ಮುಲಾಜಿಗೆ ಎಲ್ಲರೂ ಎಂಟು ಕೊಡ್ತಾರೆ. ಒಂದು ವಾರ ಬಿಟ್ಟು ಫೋನ್ ಮಾಡಿ ‘ಆ ಸಿನಿಮಾ ನೋಡದವರಿಗೆ ಹೇಳೋ ಹಾಗೆ ಕಥೆ ಹೇಳಿ’ ಅನ್ನಿ. ಯಾವ ದೃಶ್ಯಕ್ಕೆ ಅವರು ತಾವಾಗಿ ನಿಧಾನ ಮಾಡ್ತಾರೆ, ಯಾವುದನ್ನ ಹಾರಿಸಿ ಮುಂದೆ ಹೋಗ್ತಾರೆ ಅಂತ ಗುರುತು ಹಾಕಿಕೊಳ್ಳಿ. ಆ ಹಾಳೆಯನ್ನೇ ಪ್ರೊಡ್ಯೂಸರ್ ಮುಂದಿಡಿ.

ಫೇಡರ್_ಏಳು:

ಆ ಸ್ಕ್ರೀನಿಂಗ್‌ಗೆ ಲ್ಯಾಪ್‌ಟಾಪ್ ಸ್ಪೀಕರ್ ಬೇಡ. ಸಣ್ಣದಾದರೂ ಪ್ರಿವ್ಯೂ ಥಿಯೇಟರ್ ಹಿಡೀರಿ, ಫೇಡರ್ 5ರಲ್ಲಿ ಇಟ್ಟು ಓಡಿಸಿ. ಹೊರಗಿನ ಥಿಯೇಟರ್‌ಗಳಲ್ಲಿ ಕೊನೆಗೆ ಸಿಗೋದು ಅದೇ. ಮತ್ತೆ ಆ ಹಾರ್ನನ್ನ ಲೈಬ್ರರಿಯಿಂದ ಎತ್ತಬೇಡಿ. ಶೂಟಿಂಗ್‌ಗೆ ತಂದ ಲಾರಿಯದ್ದೇ ಹಾರ್ನನ್ನ ಹತ್ತಿರದಿಂದ, ಐವತ್ತು ಅಡಿಯಿಂದ, ಮನೆ ಒಳಗಿಂದ ಮೂರು ಪರ್ಸ್ಪೆಕ್ಟಿವ್‌ನಲ್ಲಿ ಲೊಕೇಷನ್‌ನಲ್ಲೇ ವೈಲ್ಡ್ ಟ್ರ್ಯಾಕ್ (ಕ್ಯಾಮೆರಾ ಓಡಿಸದೆ ಬರೀ ಸದ್ದಿನ ರೆಕಾರ್ಡಿಂಗ್) ತಗೊಳ್ಳಿ. ಮೂರು ಸಲವೂ ಒಂದೇ ಹಾರ್ನ್ ಅಂತ ಕಿವಿಗೆ ಗುರುತು ಸಿಗದಿದ್ದರೆ ಬಿತ್ತಿದ್ದೆಲ್ಲ ದಂಡ.